ಟಿಕೆಟ್ ಕೌಂಟರ್ ಇದ್ದಲ್ಲಿ ಒಲೆ

ಅಮೆರಿಕದ ಜಾರ್ಜಿಯಾ ರಾಜ್ಯದ ಸವಾನ್ನಾ ಊರಿನಲ್ಲಿ ಗ್ರೇಹೌಂಡ್ ಎಂಬ ಬಸ್ ಕಂಪನಿಯ 1938ರ ಒಂದು ನಿಲ್ದಾಣವಿದೆ. ಅಲ್ಲಿಗೆ ಬಸ್ಸು ಬರುವುದು ನಿಂತು ಎಷ್ಟೋ ಕಾಲವಾಯಿತು. ವರ್ಷಗಟ್ಟಲೆ ಪಾಳುಬಿದ್ದಿದ್ದ ಆ ಕಟ್ಟಡ 2014ರ ಡಿಸೆಂಬರಿನಲ್ಲಿ ‘ದಿ ಗ್ರೇ’ ಎಂಬ ರೆಸ್ಟೋರೆಂಟ್ ಆಯಿತು. ಟಿಕೆಟ್ ಹರಿದು ಕೊಡುತ್ತಿದ್ದ ಜಾಗದಲ್ಲಿ ಈಗ ಅಡುಗೆಮನೆ. ಪ್ರಯಾಣಿಕರು ಗಂಟು ಮೂಟೆ ಇಟ್ಟುಕೊಂಡು ಕಾಯುತ್ತಿದ್ದ ಹಾಲ್‌ನಲ್ಲಿ ಊಟದ ಟೇಬಲ್ಲುಗಳು. ಯಾವ ಬಸ್ಸಿಗೆ ಯಾವ ಬಾಗಿಲಿನಿಂದ ಹೋಗಬೇಕು ಎಂದು ತೋರಿಸುತ್ತಿದ್ದ ಗೇಟ್ ನಂಬರುಗಳನ್ನೂ ಹಾಗೇ ಉಳಿಸಿಕೊಂಡಿದ್ದಾರೆ.

ಊರಿಂದ ಬಂದಿದ್ದ ಅವ್ವನನ್ನು ಕರೆದುಕೊಂಡು ಅಲ್ಲಿಗೆ ಹೋಗಿದ್ದೆ. ನಾವಿರುವುದು ಅಟ್ಲಾಂಟಾದಲ್ಲಿ. ಅಲ್ಲಿಂದ ಕಾರಿನಲ್ಲಿ ಸುಮಾರು ನಾಲ್ಕು ಗಂಟೆಯ ದಾರಿ. ಕೊನೆಯಲ್ಲಿ ಹಿಡಿಯುವುದು ಇಂಟರ್‌ಸ್ಟೇಟ್ 16 ಎಂಬ ಹೆದ್ದಾರಿ. ಅದು ಸೀದಾ ಊರಿನೊಳಗೆ ಬಂದು ಒಂದು ಮೇಲ್ಸೇತುವೆಯಾಗಿ ಇಳಿಯುತ್ತದೆ. ಆ ಮೇಲ್ಸೇತುವೆಯ ಕೆಳಗಿರುವ ಬೀದಿಯಲ್ಲೇ ಈ ರೆಸ್ಟೋರೆಂಟ್ ಇದೆ. ಬೀದಿಗೆ ಈಗ ಮಾರ್ಟಿನ್ ಲೂಥರ್ ಕಿಂಗ್ ಅವರ ಹೆಸರು. ಹಿಂದೆ ಅದು ವೆಸ್ಟ್ ಬ್ರಾಡ್ ಸ್ಟ್ರೀಟ್. ಸವಾನ್ನಾದ ಕಪ್ಪು ಜನರ ಅಂಗಡಿ, ಬ್ಯಾಂಕು, ಥಿಯೇಟರು, ಡಾಕ್ಟರ ಶಾಪು ಎಲ್ಲ ಇದ್ದದ್ದು ಅಲ್ಲೇ. ಹೆದ್ದಾರಿಗೆ ಜಾಗ ಮಾಡಲು 1963ರಲ್ಲಿ ಅಲ್ಲಿದ್ದ ದೊಡ್ಡ ರೈಲು ನಿಲ್ದಾಣವನ್ನೇ ಕೆಡವಿದರು. ಮೇಲ್ಸೇತುವೆ ಬಂದು ಬೀದಿಯನ್ನು ಎರಡು ತುಂಡು ಮಾಡಿತು. ವ್ಯಾಪಾರ ಸತ್ತುಹೋಯಿತು. ನಾವು ಹಾಯಾಗಿ ಏಸಿ ಹಾಕಿಕೊಂಡು ಬಂದಿಳಿದದ್ದು ಅದೇ ರಸ್ತೆಯಲ್ಲಿ.

ಇದನ್ನೆಲ್ಲ ಯಾಕೆ ಹೇಳುತ್ತಿದ್ದೇನೆಂದರೆ, ಊಟದ ಬಗ್ಗೆ ಬರೆಯುವಾಗ ಗೋಡೆಗಳ ಬಗ್ಗೆಯೂ ಬರೆಯಬೇಕು ಎಂದು ನನಗೆ ಅನ್ನಿಸಿದ್ದು ಇಲ್ಲಿ.

ಅಮೆರಿಕದ ದಕ್ಷಿಣದಲ್ಲಿ ‘ಹಳೇ ಕಾಲದ ಊಟ’ ಎಂದು ಬೋರ್ಡು ಹಾಕಿಕೊಂಡ ಜಾಗಗಳಿಗೆ ಬರವಿಲ್ಲ. ಬಿಳಿ ಕಂಬಗಳ ಜಗಲಿ, ತೂಗುವ ಕುರ್ಚಿ, ಗೋಡೆಯ ಮೇಲೆ ತುಕ್ಕು ಹಿಡಿದ ತಗಡಿನ ಬೋರ್ಡು, ಬಣ್ಣ ಮಾಸಿದ ಫೋಟೋಗಳು. ನೋಡಲು ಚೆನ್ನಾಗಿಯೇ ಇರುತ್ತವೆ. ಆದರೆ ಆ ಹಳೇ ಕಾಲದಲ್ಲಿ ಒಲೆ ಮುಂದೆ ನಿಂತಿದ್ದವರು ಯಾರು ಎಂಬುದು ಅಲ್ಲಿ ಕಾಣುವುದಿಲ್ಲ. ಕಂಡರೂ ಗೊಂಬೆಯಾಗಿ ಕಾಣುತ್ತದೆ. ಮಿಸಿಸಿಪ್ಪಿಯ ನ್ಯಾಚೆಜ್ ಊರಿನ ಹತ್ತಿರ 1940ರಲ್ಲಿ ಕಟ್ಟಿದ ‘ಮ್ಯಾಮೀಸ್ ಕಬ್ಬರ್ಡ್’ ಎಂಬ ಹೋಟೆಲಿದೆ. ಇಡೀ ಕಟ್ಟಡವೇ ಕಪ್ಪು ಜನರ ಒಬ್ಬ ದೊಡ್ಡ ಅಡುಗೆಯಾಕೆಯ ಆಕಾರದಲ್ಲಿದೆ. ಅವಳ ಲಂಗದ ಒಳಗೆ ಹೋಗಿ ಕೂತು ತಿನ್ನಬೇಕು. ಇನ್ನು ಪ್ಯಾನ್‌ಕೇಕ್ ಹಿಟ್ಟಿನ ಡಬ್ಬಿಯ ಮೇಲೆ ನೂರು ವರ್ಷಕ್ಕೂ ಜಾಸ್ತಿ ಕಾಲ ಇದ್ದ ‘ಆಂಟ್ ಜೆಮೈಮಾ’ ಎಂಬ ಅಂಥದ್ದೇ ಕಪ್ಪು ಅಡುಗೆಯಾಕೆಯ ಹೆಸರು ಹೋದದ್ದು 2021ರಲ್ಲಿ. ಮೊನ್ನೆ ಮೊನ್ನೆ.

ಅಲಬಾಮಾದ ಬರ್ಮಿಂಗ್‌ಹ್ಯಾಮ್‌ನಲ್ಲಿದ್ದ ಓಲೀಸ್ ಬಾರ್ಬೆಕ್ಯೂ ಎಂಬ ಹೋಟೆಲಿನ ಕತೆ ಇನ್ನೂ ನೇರವಾಗಿದೆ. ಅಲ್ಲಿ ಕೆಲಸಕ್ಕಿದ್ದವರಲ್ಲಿ ಮೂರರಲ್ಲಿ ಎರಡು ಪಾಲು ಕಪ್ಪು ಜನ. ಮಾಂಸ ಬೇಯಿಸುವುದು ಅವರ ಕೈ. ಆದರೆ ಒಳಗೆ ಕೂತು ತಿನ್ನಲು ಅವರಿಗೆ ಜಾಗವಿರಲಿಲ್ಲ. ಬೇಕಿದ್ದರೆ ಪೊಟ್ಟಣ ಕಟ್ಟಿಸಿಕೊಂಡು ಹೋಗಬೇಕು. 1964ರಲ್ಲಿ ನಾಗರಿಕ ಹಕ್ಕುಗಳ ಕಾಯಿದೆ ಬಂದಾಗ ಈ ಹೋಟೆಲಿನವರು ಕೋರ್ಟಿಗೆ ಹೋದರು. ಅದೇ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸೋತರು. ಬೇಯಿಸಿದವರಿಗೂ ಕೂತು ಉಣ್ಣುವ ಹಕ್ಕಿದೆ ಎಂದು ಹೇಳಲು ಒಂದು ದೇಶದ ದೊಡ್ಡ ಕೋರ್ಟೇ ಬೇಕಾಯಿತು.

ದಿ ಗ್ರೇ ಇರುವ ಕಟ್ಟಡವೂ ಇಂಥ ಕಾಲದ್ದೇ. ದಕ್ಷಿಣದ ಬಸ್ ನಿಲ್ದಾಣಗಳಲ್ಲಿ ಬಿಳಿಯರಿಗೊಂದು ಕಾಯುವ ಕೋಣೆ, ಕಪ್ಪು ಜನರಿಗೊಂದು. ಶೌಚಾಲಯ ಬೇರೆ, ಕುಡಿಯುವ ನೀರಿನ ನಲ್ಲಿ ಬೇರೆ. ಇದನ್ನು ಮುರಿಯಲು ಹೊರಟ ಫ್ರೀಡಂ ರೈಡರ್‌ಗಳ ಗ್ರೇಹೌಂಡ್ ಬಸ್ಸಿಗೆ 1961ರ ಮೇ 14ರಂದು ಅಲಬಾಮಾದ ಆನಿಸ್ಟನ್ ಹತ್ತಿರ ಬೆಂಕಿ ಇಟ್ಟರು. ಅದೇ ವರ್ಷ ನವೆಂಬರ್ 1ರಿಂದ ನಿಲ್ದಾಣಗಳಲ್ಲಿ ಬೇರೆ ಕೋಣೆ ಇರಕೂಡದು ಎಂದು ಸರ್ಕಾರದ ಆದೇಶ ಬಂತು.

ಇಂಥ ಕಟ್ಟಡವನ್ನು ಕೊಂಡವರು ಜಾನ್ ಮೊರಿಸಾನೊ, ನ್ಯೂಯಾರ್ಕಿನಿಂದ ಬಂದ ಬಿಳಿಯ ಉದ್ಯಮಿ. ಪಾಲುದಾರರಾಗಿ ಬಂದ ಶೆಫ್ ಮಶಾಮಾ ಬೇಲಿ, ಕಪ್ಪು ಹೆಣ್ಣುಮಗಳು. ಆಕೆ ಹುಟ್ಟಿದ್ದು ನ್ಯೂಯಾರ್ಕಿನ ಬ್ರಾಂಕ್ಸ್‌ನಲ್ಲಿ. ಚಿಕ್ಕಂದಿನ ಕೆಲವು ವರ್ಷ ಇದ್ದದ್ದು ಸವಾನ್ನಾದಲ್ಲಿ. ಪಾಲುದಾರರು ಎಂಬ ಮಾತನ್ನು ಒತ್ತಿ ಹೇಳುತ್ತೇನೆ. ಸಂಬಳಕ್ಕೆ ಅಡುಗೆ ಮಾಡಿದ ಕಪ್ಪು ಹೆಂಗಸರು ದಕ್ಷಿಣದ ತುಂಬ ಇದ್ದರು. ಸಂಬಳವೇ ಇಲ್ಲದೆ ಮಾಡಿದವರೂ ಇದ್ದರು. ಜಾಗದಲ್ಲಿ, ಹೆಸರಿನಲ್ಲಿ ಪಾಲು ಸಿಕ್ಕವರು ತೀರಾ ಕಡಿಮೆ. 2019ರಲ್ಲಿ ಬೇಲಿ ಅವರಿಗೆ ಆಗ್ನೇಯ ರಾಜ್ಯಗಳ ಅತ್ಯುತ್ತಮ ಶೆಫ್ ಎಂದು ಜೇಮ್ಸ್ ಬಿಯರ್ಡ್ ಪ್ರಶಸ್ತಿ ಬಂತು. 2022ರಲ್ಲಿ ಇಡೀ ದೇಶದ ಅತ್ಯುತ್ತಮ ಶೆಫ್ ಪ್ರಶಸ್ತಿಯೂ ಬಂತು. ಒಂದು ಕಾಲಕ್ಕೆ ತನ್ನಂಥವರನ್ನು ಬೇರೆ ಕೋಣೆಗೆ ಕಳಿಸುತ್ತಿದ್ದ ಕಟ್ಟಡದಲ್ಲಿ, ಎಲ್ಲರ ಕಣ್ಣಿಗೆ ಬೀಳುವ ಜಾಗದಲ್ಲಿ ಆಕೆಯ ಒಲೆ ಇದೆ. ನನಗೆ ಆ ಊರಿನಲ್ಲಿ ಕಂಡ ಎಲ್ಲಕ್ಕಿಂತ ದೊಡ್ಡ ಅಲಂಕಾರ ಅದು.

ಇನ್ನು ಊಟ.

ಮೊದಲು ಬಂದದ್ದು ಕಾಲರ್ಡ್ ಸೊಪ್ಪು. ಎಲೆಕೋಸಿನ ಜಾತಿಯದು, ಆದರೆ ಉಂಡೆ ಕಟ್ಟುವುದಿಲ್ಲ. ಎಲೆ ದಪ್ಪ, ತುಸು ಕಹಿ, ಬೇಯಲು ತುಂಬ ಹೊತ್ತು ಬೇಕು. ದಕ್ಷಿಣದ ಮನೆಗಳಲ್ಲಿ ಇದನ್ನು ಹಂದಿಯ ಮೂಳೆ ಹಾಕಿ ಬೇಯಿಸುವುದೇ ಹೆಚ್ಚು. ಅವ್ವ ಕೋಳಿ, ಮಟನ್, ಮೀನು ತಿನ್ನುತ್ತಾಳೆ, ಹಂದಿ ಮುಟ್ಟುವುದಿಲ್ಲ. ಕೇಳಿದೆವು. ನಮಗೆ ಬಂದದ್ದು ಮಾಂಸ ಹಾಕದೆ ಹೊಗೆಯಲ್ಲಿ ಹದ ಮಾಡಿದ್ದು. ತಳದಲ್ಲಿ ಸೊಪ್ಪು ಬೆಂದ ನೀರಿತ್ತು. ಅವ್ವ ಸೊಪ್ಪು ಬಿಟ್ಟು ಆ ನೀರನ್ನೇ ಚಮಚದಲ್ಲಿ ತೆಗೆದು ಬಾಯಿಗಿಟ್ಟಳು.

“ಇದು ಬಸ್ಸಾರಿನ ಕಟ್ಟು ಕಣಮ್ಮಿ. ಕಾಳು ಒಂದು ಹಾಕಿಲ್ಲ ಅಷ್ಟೇ.”

ಸರಿಯಾಗಿಯೇ ಹೇಳಿದಳು. ಇಲ್ಲಿನವರು ಆ ನೀರನ್ನು ಪಾಟ್ ಲಿಕ್ಕರ್ ಅನ್ನುತ್ತಾರೆ. ಗುಲಾಮರ ಕಾಲದಲ್ಲಿ ದೊಡ್ಡಮನೆಯ ಊಟಕ್ಕೆ ಸೊಪ್ಪು ಹೋಗುತ್ತಿತ್ತು, ಬೆಂದ ನೀರು ಅಡುಗೆ ಮಾಡಿದವರ ಪಾಲಿಗೆ ಉಳಿಯುತ್ತಿತ್ತು. ಜೋಳದ ರೊಟ್ಟಿ ಅದ್ದಿಕೊಂಡು ತಿಂದರು. ಸೊಪ್ಪಿನ ಸಾರವೆಲ್ಲ ಆ ನೀರಿನಲ್ಲೇ ಇರುತ್ತದೆ. ನಮ್ಮ ಕಡೆ ಸೊಪ್ಪು ಕಾಳು ಬೇಯಿಸಿ ಬಸಿದು, ಬಸಿದ ಕಟ್ಟಿಗೆ ಖಾರ ರುಬ್ಬಿ ಹಾಕಿ ಸಾರು ಮಾಡುತ್ತಾರೆ, ಸೊಪ್ಪನ್ನು ಬೇರೆಯಾಗಿ ಒಗ್ಗರಣೆ ಹಾಕಿ ಪಲ್ಯ ಮಾಡುತ್ತಾರೆ. ಒಂದು ಪಾತ್ರೆಯಿಂದ ಎರಡು ಅಡುಗೆ. ಬಡತನ ತಿಳಿದವರು ಯಾವ ದೇಶದಲ್ಲಿದ್ದರೂ ಕಟ್ಟನ್ನು ಚೆಲ್ಲುವುದಿಲ್ಲ.

ಆಮೇಲೆ ಕೆಂಪು ಕಾಳು. ನೋಡಿದರೆ ಅಲಸಂದೆ. ಸವಾನ್ನಾದ ದಕ್ಷಿಣಕ್ಕೆ ಸಪೆಲೊ ಎಂಬ ದ್ವೀಪವಿದೆ. ಅಲ್ಲಿ ಗುಲಾಮರಾಗಿ ಬಂದವರ ಮಕ್ಕಳು ಮೊಮ್ಮಕ್ಕಳು, ಗಲ್ಲಾ ಗೀಚಿ ಜನ, ತಲೆಮಾರುಗಳಿಂದ ಉಳಿಸಿಕೊಂಡು ಬಂದ ಕೆಂಪು ಅಲಸಂದೆ ತಳಿ ಈ ಕರಾವಳಿಯಲ್ಲಿ ಬಲು ಹೆಸರುವಾಸಿ. ಅಲಸಂದೆ ಹುಟ್ಟಿದ್ದು ಆಫ್ರಿಕಾದಲ್ಲಿ. ಅಲ್ಲಿಂದ ಸಾವಿರಾರು ವರ್ಷ ಹಿಂದೆ ನಮ್ಮ ಹೊಲಗಳಿಗೂ ಬಂತು. ನಮ್ಮ ರಾಗಿಯೂ ಅಷ್ಟೇ, ಪೂರ್ವ ಆಫ್ರಿಕಾದ ಎತ್ತರದ ನಾಡಿನಿಂದ ಬಂದದ್ದು. ಎಳ್ಳು ಮಾತ್ರ ಹಿಮ್ಮುಖವಾಗಿ ಹೋಯಿತು. ಹುಟ್ಟಿದ್ದು ನಮ್ಮ ಉಪಖಂಡದಲ್ಲಿ, ಹೋದದ್ದು ಆಫ್ರಿಕಾಕ್ಕೆ, ಅಲ್ಲಿಂದ ಗುಲಾಮರ ಜೊತೆ ಈ ಕರಾವಳಿಗೆ. ಸವಾನ್ನಾದ ಅಂಗಡಿಗಳಲ್ಲಿ ಇವತ್ತಿಗೂ ತೆಳ್ಳನೆಯ ಎಳ್ಳಿನ ಬಿಸ್ಕತ್ತು ಮಾರುತ್ತಾರೆ. ಮಂಡ್ಯದ ಹೆಂಗಸೊಬ್ಬಳಿಗೆ ಜಾರ್ಜಿಯಾದ ಕರಾವಳಿಯ ಊಟದಲ್ಲಿ ಮನೆಯ ರುಚಿ ಸಿಕ್ಕಿದ್ದರಲ್ಲಿ ಆಶ್ಚರ್ಯವೇನೂ ಇಲ್ಲ. ಇವೆರಡೂ ಊಟಗಳ ಬೇರು ಅದೇ ಖಂಡದಲ್ಲಿದೆ.

ಕಾಳಿನ ಜೊತೆ ಅನ್ನ. ಈ ಅನ್ನದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು.

ಜಾರ್ಜಿಯಾ ಮತ್ತು ಸೌತ್ ಕೆರೊಲಿನಾದ ಕರಾವಳಿ ಒಂದು ಕಾಲಕ್ಕೆ ಭತ್ತದ ನಾಡು. ಸಮುದ್ರದ ಭರತ ಬಂದಾಗ ನದಿಯ ಸಿಹಿನೀರು ಮೇಲೇರುತ್ತದೆ. ಆಗ ತೂಬು ತೆಗೆದು ಗದ್ದೆಗೆ ನೀರು ಬಿಡುವುದು, ಇಳಿತದಲ್ಲಿ ಹೊರಗೆ ಹರಿಸುವುದು. ಈ ಬೇಸಾಯ ಬಿಳಿಯ ಜಮೀನ್ದಾರರಿಗೆ ಗೊತ್ತಿದ್ದದ್ದಲ್ಲ. ಸೆನೆಗಲ್‌ನಿಂದ ಸಿಯೆರಾ ಲಿಯೋನ್‌ವರೆಗಿನ ತೀರದಲ್ಲಿ ಭತ್ತ ಬೆಳೆದು ಗೊತ್ತಿದ್ದ ಜನರನ್ನು ಹಿಡಿದು ತಂದರು. ಜವುಗು ಕಾಡು ಕಡಿದು, ಮೈಲಿಗಟ್ಟಲೆ ಏರಿ ಕಟ್ಟಿದ್ದು ಅವರು. ಮಲೇರಿಯಾದಲ್ಲಿ, ಹಾವು ಮೊಸಳೆಗಳ ನಡುವೆ ಸತ್ತದ್ದೂ ಅವರೇ. ಇಡೀ ಅಕ್ಕಿ ಹಡಗು ಹತ್ತಿ ಯುರೋಪಿಗೆ ಹೋಗುತ್ತಿತ್ತು. ಒಡೆದ ನುಚ್ಚು ಬೆಳೆದವರಿಗೆ. ಅದೇ ನುಚ್ಚಕ್ಕಿಯನ್ನು ಈಗ ಒಳ್ಳೊಳ್ಳೆ ಹೋಟೆಲುಗಳಲ್ಲಿ ಸೀಗಡಿಯ ಜೊತೆ ಬೇಯಿಸಿ ಬಡಿಸುತ್ತಾರೆ. ರುಚಿಯಲ್ಲಿ ಒಂದು ಕೊರತೆ ಇಲ್ಲ. ಬೆಣ್ಣೆಯಂತೆ ಮೆತ್ತಗೆ ಕೂಡಿಕೊಂಡು, ಸೀಗಡಿಯ ರಸವನ್ನೆಲ್ಲ ಹೀರಿಕೊಂಡಿರುತ್ತದೆ.

ಈ ಸವಾನ್ನಾದಲ್ಲೇ 1859ರ ಮಾರ್ಚ್‌ನಲ್ಲಿ ಎರಡು ದಿನ ಮನುಷ್ಯರ ಹರಾಜು ನಡೆಯಿತು. ಪಿಯರ್ಸ್ ಬಟ್ಲರ್ ಎಂಬಾತ ತನ್ನ ಸಾಲ ತೀರಿಸಲು ಭತ್ತದ ಗದ್ದೆ ಮತ್ತು ಹತ್ತಿ ಹೊಲಗಳ 400ಕ್ಕೂ ಹೆಚ್ಚು ಜನರನ್ನು ಊರಾಚೆಯ ಕುದುರೆ ರೇಸಿನ ಮೈದಾನದಲ್ಲಿ ನಿಲ್ಲಿಸಿ ಮಾರಿದ. ಎರಡೂ ದಿನ ಮಳೆ ಸುರಿಯಿತು. ಅದನ್ನು ‘ಅಳುವಿನ ಹೊತ್ತು’ ಎಂದೇ ಅವರ ವಂಶದವರು ನೆನೆಯುತ್ತಾರೆ. ಪಟ್ಟಿಯಲ್ಲಿ ಹೆಸರಿನ ಮುಂದೆ ವಯಸ್ಸು, ಅದರ ಮುಂದೆ ಭತ್ತದ ಕೆಲಸ ಬಲ್ಲವನು, ಹತ್ತಿ ಕೆಲಸ ಬಲ್ಲವಳು ಎಂದು ಬರೆದಿದ್ದರು. ಆ ಜಾಗದಲ್ಲಿ ಒಂದು ನೆನಪಿನ ಫಲಕ ನಿಂತದ್ದು 2008ರಲ್ಲಿ.

ಗುಲಾಮಗಿರಿ ಹೋದ ಮೇಲೆ ಭತ್ತವೂ ನಿಧಾನವಾಗಿ ಹೋಯಿತು. ಚಂಡಮಾರುತಗಳು ಏರಿಗಳನ್ನು ಒಡೆದವು. ಕೆರೊಲಿನಾ ಗೋಲ್ಡ್ ಎಂಬ ಹೆಸರಾಂತ ತಳಿ ಗದ್ದೆಗಳಿಂದ ಕಾಣೆಯಾಯಿತು. 1980ರ ದಶಕದಲ್ಲಿ ಸವಾನ್ನಾದ ಕಣ್ಣಿನ ಡಾಕ್ಟರ್ ರಿಚರ್ಡ್ ಶುಲ್ಜ್ ಸರ್ಕಾರದ ಬೀಜ ಸಂಗ್ರಹದಿಂದ ಸ್ವಲ್ಪ ಭತ್ತ ತರಿಸಿ ಬಿತ್ತಿದರು. ಅವರು ಬಾತುಕೋಳಿ ಬೇಟೆಗಾರರು. ಬಾತುಗಳು ಬರಲಿ ಎಂದು ಗದ್ದೆ ಮಾಡಿದ್ದು. ಹಾಗೆ ಉಳಿದ ಬೀಜ ಈಗ ಹೋಟೆಲುಗಳ ತಟ್ಟೆಗೆ ಬಂದಿದೆ. ಅವರಿಗೆ ಋಣಿಯಾಗಿರೋಣ. ಆದರೆ ಆ ಭತ್ತವನ್ನು ಬೆಳೆಯಲು ತಿಳಿದಿದ್ದವರ ಹೆಸರು ಯಾವ ಚೀಲದ ಮೇಲೂ ಇಲ್ಲ, ಅಲ್ವಾ?

ನಾನು ಇದನ್ನೆಲ್ಲ ಅವ್ವನಿಗೆ ಹೇಳುತ್ತಾ ಕೂತಿದ್ದೆ. ಸರ್ವರ್ ಹುಡುಗಿ ಗೇಟ್ ನಂಬರು ತೋರಿಸಿ, ಇಲ್ಲಿ ಬಿಳಿಯರಿಗೂ ಕಪ್ಪು ಜನರಿಗೂ ಬೇರೆ ಬೇರೆ ಕೋಣೆ ಇತ್ತು ಎಂದು ತಾನಾಗಿಯೇ ಹೇಳಿ ಹೋದಳು. ಅದನ್ನೂ ಕನ್ನಡದಲ್ಲಿ ಹೇಳಿದೆ. ಅವ್ವ ತಿನ್ನುವುದನ್ನು ನಿಲ್ಲಿಸಿದಳು.

“ನಮ್ಮೂರ ಬಸ್‌ಸ್ಟ್ಯಾಂಡ್ ಹೋಟ್ಲಲ್ಲೂ ಹಂಗೇ ಇತ್ತಲ್ಲ.”

ನಾನು ಆ ಹೋಟೆಲು ನೋಡಿಲ್ಲ. ನಾನು ಹುಟ್ಟುವ ಮೊದಲೇ ಮುಚ್ಚಿತ್ತಂತೆ. ಹುಲ್ಲಿನ ಸೂರು, ಹೊರಗೆ ಒಂದು ಕಲ್ಲುಬೆಂಚು. ಒಳಗೆ ಕೂರುವವರಿಗೆ ಪಿಂಗಾಣಿ ಕಪ್ಪು. ಹೊಲಗೇರಿಯಿಂದ ಬಂದವರಿಗೆ ಸೂರಿನ ಸಂದಿಯಲ್ಲಿ ಸಿಕ್ಕಿಸಿಟ್ಟ ತೆಂಗಿನ ಚಿಪ್ಪು. ತಾವೇ ತೆಗೆದುಕೊಳ್ಳಬೇಕು, ಮೇಲಿಂದ ಟೀ ಹುಯ್ಯುತ್ತಿದ್ದರು, ನೆಲದ ಮೇಲೆ ಕುಕ್ಕರಗಾಲಲ್ಲಿ ಕೂತು ಕುಡಿದು, ತೊಳೆದು, ಮತ್ತೆ ಸಿಕ್ಕಿಸಿ ಹೋಗಬೇಕು.

“ನಮ್ಮಪ್ಪನ ಗದ್ದೇಲಿ ನಾಟಿ ಹಾಕ್ತಿದ್ದೋರು ಅವರೇ. ನಾಟಿ ಪದ ಹೇಳ್ಕೊಂಡು. ಅವರು ನೆಟ್ಟಿದ್ದು ನಾವು ಉಣ್ತಿದ್ವಿ. ಅವರಿಗೆ ಮಾತ್ರ ಚಿಪ್ಪು.”

ಅವ್ವ ಇದನ್ನು ಮೊದಲು ಯಾವತ್ತೂ ನನಗೆ ಹೇಳಿರಲಿಲ್ಲ. ನಮ್ಮ ಮನೆಯಲ್ಲಿ ಹಳೇ ಕಾಲದ ಮಾತು ಬಂದರೆ ಆಲೆಮನೆ, ಕಬ್ಬಿನ ಹಾಲು, ಬಿಸಿಬೆಲ್ಲ, ಹಬ್ಬದ ಒಬ್ಬಟ್ಟು ಇವೇ. ಚಿಪ್ಪು ಬಂದದ್ದು ಸಾವಿರಾರು ಮೈಲಿ ದೂರದ, ಬೇರೆ ಜನರ ಬಸ್ ನಿಲ್ದಾಣದಲ್ಲಿ. ಬಾಗಿಲ ನಂಬರುಗಳನ್ನು ಅಳಿಸಿ, ಚೆಂದದ ಬಣ್ಣ ಹೊಡೆದಿದ್ದರೆ ಬರುತ್ತಿರಲಿಲ್ಲವೇನೋ.

ಕಾನೂನಿನ ವಿಷಯದಲ್ಲಿ ನಾವು ಹಿಂದೆ ಬಿದ್ದವರಲ್ಲ. 1950ರ ಜನವರಿ 26ರಿಂದ ಜಾರಿಯಾದ ನಮ್ಮ ಸಂವಿಧಾನದ 15ನೇ ವಿಧಿಯಲ್ಲಿ ಅಂಗಡಿ, ಹೋಟೆಲು, ಊಟದ ಮನೆಗಳ ಹೆಸರು ಹೇಳಿಯೇ ಬರೆದಿದ್ದಾರೆ. ಬಾವಿ, ಕೆರೆ, ಸ್ನಾನಘಟ್ಟ, ರಸ್ತೆಗಳನ್ನೂ ಸೇರಿಸಿದ್ದಾರೆ. ಜಾತಿಯ ಕಾರಣಕ್ಕೆ ಯಾರನ್ನೂ ಹೊರಗಿಡುವಂತಿಲ್ಲ. ಅಮೆರಿಕದಲ್ಲಿ ಇಂಥ ಕಾಯಿದೆ ಬಂದದ್ದು ಅದಾದ 14 ವರ್ಷಕ್ಕೆ. ಆದರೂ ನಮ್ಮ ಕೆಲವು ಊರುಗಳಿಂದ ಬೇರೆ ಲೋಟದ ಸುದ್ದಿ ಈಗಲೂ ಬರುತ್ತದೆ. ಅಮೆರಿಕದಲ್ಲಿ ಕೋರ್ಟಿನವರೆಗೆ ಹೋಗಿ ಜಗಳವಾಡಿದ್ದು ಪಠ್ಯಪುಸ್ತಕದಲ್ಲಿದೆ, ಮ್ಯೂಸಿಯಂನಲ್ಲಿದೆ, ಈಗ ಒಂದು ಊಟದ ಮನೆಯಲ್ಲೂ ಇದೆ. ನಮ್ಮ ಚಿಪ್ಪುಗಳ ನೆನಪು ಎಲ್ಲಿದೆ?

ಬೆಂಗಳೂರು ಮೈಸೂರಿನ ಹೊಸ ರೆಸ್ಟೋರೆಂಟುಗಳಿಗೆ ಊರಿಗೆ ಹೋದಾಗಲೆಲ್ಲ ಹೋಗುತ್ತೇನೆ. ತೊಟ್ಟಿಮನೆಯಂತೆ ಕಟ್ಟಿರುತ್ತಾರೆ. ಒಳಗೆ ಕೆತ್ತನೆಯ ಕಂಬ, ಕಂಚಿನ ಕೊಳಗ, ಲಾಟೀನು, ಮೂಲೆಯಲ್ಲಿ ಒಂದು ಬೀಸುಕಲ್ಲು, ಒಂದು ಒರಳು. ಮುದ್ದೆ, ಸೊಪ್ಪಿನ ಸಾರು, ಹುರುಳಿ ಬಸ್ಸಾರು ನಗರದ ಹುಡುಗರು ಚಪ್ಪರಿಸಿಕೊಂಡು ತಿನ್ನುವುದು ನೋಡಿದರೆ ನನಗೆ ನಿಜಕ್ಕೂ ಖುಷಿ. ಒಂದು ಕಾಲಕ್ಕೆ ಮುದ್ದೆ ಉಣ್ಣುವವರು ಎಂದು ಹಗುರವಾಗಿ ಮಾತಾಡುತ್ತಿದ್ದರು. ಅದು ಹೋಯಿತಲ್ಲ, ಒಳ್ಳೆಯದೇ. ನನಗೆ ಬೇಸರವಾಗುವುದು ಬೀಸುಕಲ್ಲು ನೋಡಿದಾಗ. ಬೆಳಗಿನ ಜಾವ ಎದ್ದು ಅದನ್ನು ತಿರುಗಿಸಿದ ಕೈ ಯಾರದು ಎಂದು ಒಂದು ಸಾಲು ಬರೆದಿರುವುದಿಲ್ಲ. ಸೊಸೆಯದೋ, ವಿಧವೆ ಅತ್ತೆಯದೋ, ಮನೆಕೆಲಸಕ್ಕೆ ಬಂದು ಹಿತ್ತಿಲಲ್ಲಿ ಊಟ ಮಾಡಿ ಹೋಗುತ್ತಿದ್ದವಳದೋ. ತೊಟ್ಟಿಯೊಳಗೆ ಯಾರಿಗೆ ಪ್ರವೇಶವಿತ್ತು, ಯಾರಿಗೆ ಇರಲಿಲ್ಲ ಎಂಬುದೂ ಇರುವುದಿಲ್ಲ. ಸುಮ್ನೆ ಚೆಂದಕ್ಕೆ ಇಟ್ಟಿರುತ್ತಾರೆ.

ಊಟ ಮಾಡುವಾಗ ಇಂಥ ಮಾತು ಬೇಡ ಎಂದು ಕೆಲವರು ಅನ್ನಬಹುದು. ದಿ ಗ್ರೇಯಲ್ಲಿ ಯಾರೂ ಭಾಷಣ ಮಾಡಲಿಲ್ಲ. ಜನ ನಗುತ್ತಾ, ಗಲಾಟೆ ಮಾಡುತ್ತಾ ತಿನ್ನುತ್ತಿದ್ದರು. ಹಿಂದಿನ ಟೇಬಲ್ಲಿನಲ್ಲಿ ಯಾರದೋ ಹುಟ್ಟುಹಬ್ಬ ಇತ್ತು. ಕೊನೆಗೆ ಪುಟ್ಟ ಕಪ್ಪಿನಲ್ಲಿ ‘ಥ್ರಿಲ್’ ಎಂಬ ಹಣ್ಣಿನ ಐಸು ಕೊಟ್ಟರು. ಸವಾನ್ನಾದ ಬಡ ಕೇರಿಗಳಲ್ಲಿ ಮನೆಯ ಫ್ರೀಜರಿನಲ್ಲಿ ಬಣ್ಣದ ಶರಬತ್ತು ಹೆಪ್ಪುಗಟ್ಟಿಸಿ ಮಕ್ಕಳಿಗೆ ಕೊಡುತ್ತಿದ್ದ ತಿನಿಸು ಅದು. ದೊಡ್ಡ ಪ್ರಶಸ್ತಿ ಬಂದ ಅಡುಗೆಮನೆ ಅದನ್ನು ನಾಚಿಕೆಯಿಲ್ಲದೆ ಬಡಿಸುತ್ತದೆ. ಅವ್ವ ಇನ್ನೊಂದು ಕೇಳಿ ತರಿಸಿಕೊಂಡಳು.

ನನ್ನ ಆಸೆ ದೊಡ್ಡದೇನಲ್ಲ. ಮಂಡ್ಯ ಜಿಲ್ಲೆಯ ಕಿರುಗಾವಲಿನಲ್ಲಿ ಸೈಯದ್ ಘನಿ ಖಾನ್ ಸಾವಿರಕ್ಕೂ ಹೆಚ್ಚು ಭತ್ತದ ತಳಿಗಳನ್ನು ತಮ್ಮ ಜಮೀನಿನಲ್ಲಿ ಉಳಿಸಿಕೊಂಡು ಬಂದಿದ್ದಾರೆ. ಮೈಸೂರು ಅರಸರ ಊಟದ ಅಕ್ಕಿ ಎಂದು ಹೆಸರಾದ ರಾಜಮುಡಿ ಈಗ ಬೆಂಗಳೂರಿನ ಅಂಗಡಿಗಳಲ್ಲೂ ಸಿಗುತ್ತದೆ. ಅರಸರು ಉಂಡರು ಎಂದು ಚೀಲದ ಮೇಲೆ ಬರೆಯುತ್ತಾರೆ. ನೆಟ್ಟವರು ಯಾರು, ಅವರು ಹಾಡಿದ ನಾಟಿ ಪದ ಯಾವುದು ಎಂದು ಯಾವುದಾದರೂ ಹೋಟೆಲಿನವರು ಮೆನುವಿನಲ್ಲಿ ಬರೆಯಲಿ. ಆ ಕೇರಿಯ ಹೆಣ್ಣುಮಗಳೊಬ್ಬಳು ಅಡುಗೆಮನೆಯ ಯಜಮಾನಿಯಾಗಿ, ಲಾಭದಲ್ಲಿ ಪಾಲುದಾರಳಾಗಿ ಇರಲಿ. ಒರಳಿನ ಪಕ್ಕ ಒಂದು ತೆಂಗಿನ ಚಿಪ್ಪನ್ನೂ ಇಡಲಿ, ಅದು ಏನೆಂದು ಕೇಳಿದ ಮಕ್ಕಳಿಗೆ ಹೇಳಲಿ. ಅಂಥ ಹೋಟೆಲಿಗೆ ನಾನು ಎಷ್ಟು ದೂರದಿಂದಾದರೂ ಬರುತ್ತೇನೆ.

ಸವಾನ್ನಾಗೆ ಹೋಗುವವರು ಊಟಕ್ಕೆ ಮೊದಲು ಅದೇ ಬೀದಿಯಲ್ಲಿರುವ ರಾಲ್ಫ್ ಮಾರ್ಕ್ ಗಿಲ್ಬರ್ಟ್ ನಾಗರಿಕ ಹಕ್ಕುಗಳ ಮ್ಯೂಸಿಯಂ ನೋಡಿ. 1914ರಲ್ಲಿ ಕಪ್ಪು ಜನರ ಬ್ಯಾಂಕಿಗೆಂದು ಕಟ್ಟಿದ ಕಟ್ಟಡ ಅದು. 1960ರ ಮಾರ್ಚ್ 16ರಂದು ಊರಿನ ಲೆವೀಸ್ ಎಂಬ ದೊಡ್ಡ ಅಂಗಡಿಯ ಊಟದ ಕೌಂಟರಿನಲ್ಲಿ ಕಪ್ಪು ಹುಡುಗ ಹುಡುಗಿಯರು ಕೂತು ಊಟ ಕೇಳಿದ್ದಕ್ಕೆ ಬಂಧಿಸಿದರು. ಆ ಕೌಂಟರಿನ ಮಾದರಿಯನ್ನು ಅಲ್ಲಿ ಇಟ್ಟಿದ್ದಾರೆ. ಅದನ್ನು ನೋಡಿಕೊಂಡು ನಡೆದೇ ಬನ್ನಿ, ದೂರವೇನಿಲ್ಲ. ಟೇಬಲ್ ಮಾತ್ರ ಮೊದಲೇ ಬುಕ್ ಮಾಡಿಕೊಳ್ಳಿ. ಸೊಪ್ಪು ತರಿಸಿದರೆ ಕಟ್ಟು ಬಿಡಬೇಡಿ.